ಮುನ್ನೂರ ತೊಂಬತ್ತೆರಡು ಮೀಟರಿನ ನೆಂಟಸ್ತನ

ವಿಜ್ಞಾನ ಕಲಿಸುವ ಮಾಸ್ತರರಿಗೂ ಹಿಂದುಸ್ತಾನಿ ಸಂಗೀತಕ್ಕೂ ಏನು ಸಂಬಂಧ ಎಂದು ನನ್ನನ್ನು ಕೇಳಿದವರುಂಟು. ಸಂಬಂಧ ಸರಿಯಾಗಿ 392.2 ಮೀಟರಿನದು. ಧಾರವಾಡ ಆಕಾಶವಾಣಿಯ ಮಧ್ಯಮ ತರಂಗದ ಉದ್ದ ಅದು. 'ಮುನ್ನೂರ ತೊಂಬತ್ತೆರಡು ದಶಾಂಶ ಎರಡು ಮೀಟರ್, ಅಂದರೆ ಏಳುನೂರ ಅರವತ್ತೈದು ಕಿಲೋಹರ್ಟ್ಸ್' ಎಂಬ ಮಾತನ್ನು ನಾನು ಮಗ್ಗಿಗಿಂತ ಮೊದಲೇ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಮಾತ್ರ ಕರ್ನಾಟಕ ಸೈನ್ಸ್ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ.

ನಮ್ಮದು ನವಲಗುಂದ ತಾಲ್ಲೂಕಿನ ಎರಿ ಭೂಮಿಯ ಹಳ್ಳಿ. ಹತ್ತಿ, ಜೋಳ, ಕಡಲೆ. ಅಪ್ಪ ಒಂದು ವರ್ಷ ಹತ್ತಿ ಮಾರಿದ ರೊಕ್ಕದಲ್ಲಿ ಕಟ್ಟಿಗೆಯ ಪೆಟ್ಟಿಗೆಯ ರೇಡಿಯೋ ತಂದಿದ್ದರು. ಆಗ ರೇಡಿಯೋ ಇಟ್ಟುಕೊಳ್ಳಲಿಕ್ಕೂ ಲೈಸೆನ್ಸು ಬೇಕಿತ್ತು. ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ಪುಟ್ಟ ಪುಸ್ತಕದಲ್ಲಿ ಶುಲ್ಕದ ಮುದ್ರೆ ಒತ್ತಿಸಿಕೊಂಡು ಬರಬೇಕು. 1980ರ ದಶಕದ ನಡುವೆ ಅದು ರದ್ದಾಯಿತು. ಇಂದಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, 'ಸರ, ಕೇಳಾಕೂ ಲೈಸೆನ್ಸಾ?' ಎಂದು ನಗುತ್ತಾರೆ.

ಮಧ್ಯಮ ತರಂಗ ಹಗಲಿನಲ್ಲಿ ನೆಲ ಹಿಡಿದು ಬರುತ್ತದೆ. ನೆಲದಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುವಂತಿದ್ದರೆ ಅದು ದೂರ ಸಾಗುತ್ತದೆ; ಹಸಿ ಹಿಡಿದಿಟ್ಟುಕೊಳ್ಳುವ ನಮ್ಮ ಎರಿ ಮಣ್ಣು ಆ ಕೆಲಸಕ್ಕೆ ಒಳ್ಳೆಯದು. ಬೆಳೆಗೂ ಅದೇ ಹಸಿ ಬೇಕು, ರಾಗಕ್ಕೂ ಅದೇ ಹಸಿ ಬೇಕು. ಹೊತ್ತು ಮುಳುಗಿದ ಮೇಲೆ ಲೆಕ್ಕ ಬೇರೆ. ಹಗಲು ತರಂಗವನ್ನು ಹೀರಿಕೊಳ್ಳುವ ಮೇಲಿನ ವಾಯುಪದರು ಬಿಸಿಲು ಹೋದೊಡನೆ ಕರಗಿಬಿಡುತ್ತದೆ. ಅದಕ್ಕೂ ಎತ್ತರದ ಪದರು ಕನ್ನಡಿಯಂತೆ ತರಂಗವನ್ನು ಕೆಳಗೆ ತಿರುಗಿಸುತ್ತದೆ. ಹೀಗಾಗಿ ರಾತ್ರಿಯಾದರೆ ಪುಣೆ, ಸಾಂಗ್ಲಿ, ಬೆಂಗಳೂರು ಎಲ್ಲ ನಮ್ಮ ಪಡಸಾಲೆಗೆ ಬಂದು ಕೂಡುತ್ತಿದ್ದವು. ಎಷ್ಟೇ ಊರು ಬಂದರೂ ಅಪ್ಪ ಕೊನೆಗೆ ಮುಳ್ಳನ್ನು ಧಾರವಾಡಕ್ಕೇ ತಂದು ನಿಲ್ಲಿಸುತ್ತಿದ್ದರು.

ಧಾರವಾಡದ ನಿಲಯ ಶುರುವಾದದ್ದು 1950ರ ಜನವರಿ 8ರಂದು. ಅದರ ಸುತ್ತ ಇದ್ದ ಗಾಯಕರ ಹೆಸರು ನೆನೆದರೆ ಇಂಥ ನಿಲಯ ಬೇರೆ ಊರಿಗೆ ಸಿಗುವುದು ಕಷ್ಟ ಎನ್ನಿಸುತ್ತದೆ. ಮಲ್ಲಿಕಾರ್ಜುನ ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಬಸವರಾಜ ರಾಜಗುರುಗಳು ಊರಲ್ಲೇ, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಲ್ಲಿ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಒಂದು ತಾಸಿನ ದಾರಿ. ದೊಡ್ಡ ಊರುಗಳ ಜನ ಟಿಕೀಟು ತೆಗೆಸಿ ಕೇಳುವ ಹಾಡನ್ನು ನಾವು ದನಕ್ಕೆ ಮೇವು ಹಾಕುತ್ತ ಕೇಳಿದೆವು. ಮನಸೂರರು ಹಾಡುವ ಖಟ್, ಸಾವನಿ, ಶಿವಮತ ಭೈರವಗಳು ಅಪರೂಪದ ರಾಗಗಳೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ನಂತರ. ನಮಗೆ ಅವು ಪಾರಿಜಾತದ ಹೂವಿನ ಹಾಗೆ, ಮುಂಜಾನೆ ಎದ್ದರೆ ಅಂಗಳದಲ್ಲಿ ಬಿದ್ದಿರುವಂಥವು.

1952ರಿಂದ 1962ರವರೆಗೆ ಕೇಂದ್ರದಲ್ಲಿ ಮಾಹಿತಿ ಮತ್ತು ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರರನ್ನು ಬೈಯುವವರು ಬಹಳ. ಸಿನಿಮಾ ಹಾಡುಗಳನ್ನು ಆಕಾಶವಾಣಿಯಿಂದ ಸರಿಸಿ, ಕೇಳುಗರನ್ನು ರೇಡಿಯೋ ಸಿಲೋನಿಗೆ ಅಟ್ಟಿದರು ಎಂಬುದು ದೂರು. ಅದು ಸುಳ್ಳಲ್ಲ. 1957ರಲ್ಲಿ ವಿವಿಧ ಭಾರತಿ ಬಂದ ಮೇಲೆ ಆ ಹಾಡುಗಳಿಗೆ ಮತ್ತೆ ಜಾಗ ಸಿಕ್ಕಿತು. ಆದರೆ ಶನಿವಾರ ರಾತ್ರಿಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ 1952ರಲ್ಲಿ ಆರಂಭವಾದದ್ದೂ ಅವರ ಕಾಲದಲ್ಲೇ. ಸಂಗೀತದ ಗಂಧವಿಲ್ಲದ ಮನೆಯಲ್ಲಿ ಹುಟ್ಟಿದ ನನ್ನಂಥವನು ಅವರನ್ನು ಪೂರ್ತಿ ಬೈಯಲಾರ. ಹಾರ್ಮೋನಿಯಂ ವಿಷಯದಲ್ಲಿ ಮಾತ್ರ ಆಕಾಶವಾಣಿಯ ಪರ ನಿಲ್ಲಲು ನನಗೆ ಆಗುವುದಿಲ್ಲ. 1940ರಲ್ಲಿ ಅದನ್ನು ಹೊರಗಿಟ್ಟದ್ದು, ನಿರ್ಬಂಧ ಸಡಿಲಾಗಲು 1971 ಬರಬೇಕಾಯಿತು. ಭಜನೆಯ ಮಠವಿರುವ ಊರಿಗೆಲ್ಲ ಒಂದು ಪೇಟಿ ಇರುವ ಸೀಮೆ ನಮ್ಮದು. ಪೇಟಿಯ ಸ್ವರಗಳ ನಡುವೆ ಮೀಂಡ್ ಹಿಡಿಯಲಾಗದು ಎಂಬ ವಾದದಲ್ಲಿ ಭೌತಶಾಸ್ತ್ರ ಸರಿ ಇದೆ, ಒಪ್ಪುತ್ತೇನೆ. ಊಟದ ಪಂಕ್ತಿಯಿಂದ ಎಬ್ಬಿಸುವಷ್ಟು ದೊಡ್ಡ ಅಪರಾಧ ಅದಾಗಿರಲಿಲ್ಲ.

ಇಷ್ಟೆಲ್ಲ ಗಾಯಕರ ಮಾತಾಯಿತು. ನಾನು ಹೇಳಹೊರಟದ್ದು ಉದ್ಘೋಷಕರ ಬಗ್ಗೆ. ಗಾಯಕರಿಗೆ ಪದ್ಮ ಪ್ರಶಸ್ತಿ ಬಂದವು, ಊರೂರಿನಲ್ಲಿ ಸನ್ಮಾನವಾದವು, ಅವರ ಹೆಸರಿನಲ್ಲಿ ರಸ್ತೆಗಳಿವೆ. ರಾಗದ ಹೆಸರು ಹೇಳಿದವರಿಗೆ ಏನು ಬಂತು? ನಾನು ಕೇಳುತ್ತ ಬೆಳೆದ ಕಾಲದಲ್ಲಿ ಅವರು ತಮ್ಮ ಹೆಸರನ್ನು ಹೇಳಿಕೊಂಡದ್ದು ನನಗೆ ನೆನಪಿಲ್ಲ. ರಾಗ ಇಂಥದು, ವಿಲಂಬಿತ್ ಈ ತಾಳ, ದ್ರುತ್ ಈ ತಾಳ, ತಬಲಾ ಇವರು, ಹಾರ್ಮೋನಿಯಂ ಇವರು ಎಂದು ಎಲ್ಲರ ಹೆಸರನ್ನೂ ತೂಗಿ ಹೇಳಿ, ತಾವು ಪಕ್ಕಕ್ಕೆ ಸರಿದುಬಿಡುತ್ತಿದ್ದರು. ಹಾಡು ಮುಗಿದ ಮೇಲೆ ಇನ್ನೊಮ್ಮೆ ಅಷ್ಟನ್ನೂ ಹೇಳುವರು. ನಡುವೆ ಬಂದು ಕೂತವನಿಗೆ ಅನ್ಯಾಯವಾಗಬಾರದಲ್ಲ! ಮೊದಲು ಒಮ್ಮೆ, ಕೊನೆಗೆ ಒಮ್ಮೆ. ನಾನು ಮೂವತ್ತು ವರ್ಷ ಪಾಠ ಹೇಳಿದವನು. ಇದಕ್ಕಿಂತ ಒಳ್ಳೆಯ ಬೋಧನಾ ಕ್ರಮವನ್ನು ಬಿ.ಎಡ್.ನಲ್ಲೂ ಕಲಿಸಲಿಲ್ಲ.

ಈ ಕ್ರಮದಲ್ಲಿ ಪಾಸಾದ ವಿದ್ಯಾರ್ಥಿಯೊಬ್ಬರು ನಮ್ಮೂರಿನಲ್ಲಿದ್ದಾರೆ. ಎಲ್ಲರೂ ಅವರನ್ನು ಟೇಲರ ಕಾಕಾ ಎನ್ನುತ್ತೇವೆ. ಓದಿದ್ದು ನಾಲ್ಕನೆಯ ಇಯತ್ತೆ. ಗುರುವಿಲ್ಲ, ವಾದ್ಯವಿಲ್ಲ, ಒಮ್ಮೆಯೂ ಹಾಡಿದವರಲ್ಲ. ಹೊಲಿಗೆ ಯಂತ್ರದ ಮೇಲಿನ ಗೂಡಿನಲ್ಲಿ ಟ್ರಾನ್ಸಿಸ್ಟರ್. ಅದರ ಮುಖ ಪಡುವಣಕ್ಕೇ ಇರಬೇಕು, ಯಾರೂ ಸರಿಸುವಂತಿಲ್ಲ. 'ಧಾರವಾಡ ಆ ಕಡೆ ಅದಲ್ರೀ ಸರ, ಮಾತಾಡೋರ ಕಡೆ ಮಾರಿ ಮಾಡಿ ಕೂಡಬೇಕು' ಎನ್ನುವರು. ಒಳಗಿನ ಫೆರೈಟ್ ಸಲಾಕೆ ಪೆಟ್ಟಿಗೆಯ ಉದ್ದಕ್ಕೆ ಅಡ್ಡವಾಗಿ ಮಲಗಿರುತ್ತದೆ, ನಿಲಯದ ದಿಕ್ಕಿಗೆ ಅಡ್ಡವಾದಾಗಲೇ ಅದು ಹೆಚ್ಚು ಹಿಡಿಯುತ್ತದೆ ಎಂದು ನಾನು ವಿವರಿಸಿದೆ. ಕಾಕಾ ತಲೆಯಾಡಿಸಿ, 'ಅದನ್ನ ನಾನೂ ಹೇಳಿದ್ದು' ಎಂದರು. ಮಳೆಗಾಲದಲ್ಲಿ ಮಿಂಚಿದೊಡನೆ ರೇಡಿಯೋ ಚಟ್ ಎನ್ನುತ್ತದೆ, ಗುಡುಗು ಆಮೇಲೆ ಬರುತ್ತದೆ. ಆ ನಡುವಿನ ಅಂತರ ಎಣಿಸಿ ಮಳೆ ಎಷ್ಟು ದೂರ ಇದೆ ಎಂದು ಅವರು ಹೇಳುತ್ತಿದ್ದರು. ಬೆಳಕಿನ ವೇಗ, ಶಬ್ದದ ವೇಗ ಎರಡನ್ನೂ ಅರಿವೆ ಕತ್ತರಿಸುತ್ತಲೇ ಕಲಿತ ಮನುಷ್ಯ.

ಕಾಕಾನಿಗೆ ಒಬ್ಬ ಉದ್ಘೋಷಕಿಯ ದನಿ ಎಂದರೆ ಬಹಳ ಅಕ್ಕರೆ. ಹೆಸರು ಗೊತ್ತಿಲ್ಲ, 'ಅಕ್ಕಾರು' ಅಷ್ಟೇ. 'ಇವತ್ತ ಅಕ್ಕಾರ ದನಿ ಕಟ್ಟೇದ್ರಿ ಸರ, ನಿನ್ನೆ ಮಳ್ಯಾಗ ತೊಯ್ಸಿಕೊಂಡಿರಬೇಕು' ಎಂದು ನಾನು ಶಾಲೆಗೆ ಹೋಗುವಾಗ ಕರೆದು ಹೇಳುವರು. ಎರಡು ದಿನ ದನಿ ಬಾರದಿದ್ದರೆ ಊರಿಗೆ ಹೋಗಿರಬೇಕು ಎಂದು ತಾವೇ ರಜೆ ಮಂಜೂರು ಮಾಡುವರು. 1992ರ ಸೆಪ್ಟೆಂಬರ್ 12ರಂದು ಮನಸೂರರು ತೀರಿಕೊಂಡರು. ಆ ಸಂಜೆ ಕಾಕಾ ಯಂತ್ರದ ಚಕ್ರಕ್ಕೆ ಅರಿವೆ ಸುತ್ತಿಟ್ಟು ಬಾಗಿಲಲ್ಲಿ ಕೂತಿದ್ದರು. ಮುದುಕರನ್ನು ಕಳೆದುಕೊಂಡ ಮನೆಯಲ್ಲಿ ಮಾತಾಡಿಸುವ ಹಾಗೆ, ಆ ಸುದ್ದಿಯನ್ನು ಓದಬೇಕಾದವರ ಬಗ್ಗೆಯೇ ಅವರು ಮರುಗಿದರು: 'ಅವರರೆ ಹ್ಯಾಂಗ ಹೇಳ್ಯಾರು ಪಾಪ.'

ಮುಂದೆ ಗ್ಲಾಕೋಮಾದಿಂದ ಕಾಕಾನ ಕಣ್ಣು ಹೋದವು. ಈ ರೋಗದಲ್ಲಿ ನೋವಿಲ್ಲದೆಯೇ ಅಂಚಿನಿಂದ ದೃಷ್ಟಿ ಕಿರಿದಾಗುತ್ತ ಬರುತ್ತದೆ, ತಿಳಿಯುವ ಹೊತ್ತಿಗೆ ಹೋದದ್ದು ಮರಳುವುದಿಲ್ಲ. ಸೂಜಿಗೆ ದಾರ ಏರಿಸಲು ಪಕ್ಕದ ಮನೆಯ ಹುಡುಗ ಬೇಕಾಯಿತು. ಆಮೇಲೆ ಯಂತ್ರವನ್ನೇ ಮಾರಿದರು. ಹೆಂಡತಿ ಮೊದಲೇ ಹೋಗಿದ್ದಳು, ಮಗ ಗೋವೆಯಲ್ಲಿ ಕೆಲಸಕ್ಕಿದ್ದ. ಗೂಡಿನ ಟ್ರಾನ್ಸಿಸ್ಟರ್ ಹಾಸಿಗೆಯ ತಲೆದಿಂಬಿನ ಹತ್ತಿರ ಬಂತು. ಹಗಲು ಯಾವುದು, ರಾತ್ರಿ ಯಾವುದು ಎಂಬುದನ್ನು ತಿಳಿಸುವುದಕ್ಕೂ ಅದೇ ಆಯಿತು. ಹಿಂದುಸ್ತಾನಿ ಪದ್ಧತಿಯಲ್ಲಿ ರಾಗಕ್ಕೆ ಹೊತ್ತು ಇದೆಯಲ್ಲ, ತೋಡಿ ಬಂದರೆ ಬಿಸಿಲೇರುತ್ತಿದೆ, ಸಾರಂಗ ಬಂದರೆ ಊಟದ ಹೊತ್ತು, ಪೂರಿಯಾ ಬಂದರೆ ದೀಪ ಹಚ್ಚುವ ಹೊತ್ತು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಒಬ್ಬ ಮನುಷ್ಯ ಅದರ ಆಧಾರದ ಮೇಲೆ ದಿನ ಕಳೆಯುವುದನ್ನು ಕಂಡದ್ದು ಅಲ್ಲಿಯೇ.

ಅದೇ ದಿನಗಳಲ್ಲಿ ಅಕ್ಕಾರ ದನಿ ನಿಂತಿತು. ಒಂದು ವಾರ ಆಯಿತು, ತಿಂಗಳಾಯಿತು. ಕಾಕಾನ ಊಟ ಕಡಿಮೆಯಾಯಿತು ಎಂದು ಪಕ್ಕದ ಮನೆಯವರು ಬಂದು ಹೇಳಿದರು. ನಾನು ಮೌಲ್ಯಮಾಪನದ ಕೆಲಸಕ್ಕೆ ಧಾರವಾಡಕ್ಕೆ ಹೋದಾಗ ನಿಲಯದ ಬಾಗಿಲಲ್ಲಿ ವಿಚಾರಿಸಿದೆ. ಆಯಮ್ಮ ನಿವೃತ್ತರಾಗಿದ್ದರು, ಆರೋಗ್ಯವಾಗಿದ್ದರು. ಅಷ್ಟು ತಿಳಿದದ್ದೇ ಕಾಕಾ ಎದ್ದು ಕೂತು, 'ಪತ್ರ ಬರಸಬೇಕ್ರಿ' ಎಂದರು.

ನಮ್ಮ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಅಕ್ಷರ ಚೆನ್ನಾಗಿತ್ತು, ಅವಳನ್ನು ಕೂಡ್ರಿಸಿದೆ. ಕಾಕಾ ಉಭಯ ಕುಶಲೋಪರಿ ಹೇಳಲಿಲ್ಲ, ಹೊಗಳಲೂ ಇಲ್ಲ. 'ನಿಮ್ಮ ಬಾಯಿಂದ ಹೆಸರ ಕೇಳಿ ನಾ ಗುರ್ತ ಹಿಡಿಯೋ ರಾಗ ಇಷ್ಟು' ಎಂದು ಬರೆಸಿ, ಒಂದೊಂದೇ ಹೆಸರು ಹೇಳುತ್ತ ಹೋದರು. ಭೈರವದಿಂದ ಶುರುವಾಗಿ ಸಂಜೆಗೆ ಬಂದು, ಮಲ್ಹಾರಗಳನ್ನು ಮಳೆಗಾಲದ ಲೆಕ್ಕಕ್ಕೆ ಬೇರೆ ಇಟ್ಟು, ಕಾನಡಾಗಳ ಹತ್ತಿರ ಬಹಳ ಹೊತ್ತು ನಿಂತರು. ಹೆಸರು ಹೇಳುವ ಮೊದಲು ತುಟಿಯಲ್ಲೇ ಏನೋ ಗುನುಗಿ ಖಾತ್ರಿ ಮಾಡಿಕೊಳ್ಳುವರು. ಅವರು ಗುನುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೂರು ಕಾರ್ಡು ತುಂಬಿದವು. ಒಟ್ಟು ಅರವತ್ಮೂರು. ನಿಲಯದ ವಿಳಾಸಕ್ಕೆ ಹಾಕಿದೆವು, ಅಲ್ಲಿಂದ ಅವರ ಮನೆಗೆ ತಲುಪಲಿ ಎಂದು.

ಎರಡು ವಾರಕ್ಕೆ ಉತ್ತರ ಬಂತು. ಸಣ್ಣ ಪತ್ರ. ಕುಶಲ ಕೇಳಿದ್ದರು, ಕಣ್ಣಿನ ಔಷಧ ಬಿಡಬೇಡಿರಿ ಎಂದಿದ್ದರು. ಕೊನೆಯ ಸಾಲಿನಲ್ಲಿ, ನೀವು ನಾಯಕಿ ಎಂದೂ ನಾಯಕಿ ಕಾನಡಾ ಎಂದೂ ಎರಡು ಕಡೆ ಬರೆಸಿದ್ದೀರಿ, ಅದು ಒಂದೇ ರಾಗ, ಆದ್ದರಿಂದ ನಿಮ್ಮ ಲೆಕ್ಕ ಅರವತ್ತೆರಡು ಎಂದಿತ್ತು.

ಹುಡುಗಿ ಓದಿ ನಿಲ್ಲಿಸಿದಳು. ಕಾಕಾ ಎಷ್ಟು ನಕ್ಕರೆಂದರೆ ಕಣ್ಣಲ್ಲಿ ನೀರು ಬಂತು. 'ನೋಡ್ರಿ ಸರ, ಪೂರಾ ಎಣಿಸ್ಯಾರ!' ಆ ಮಾತನ್ನು ಆ ದಿನ ಹತ್ತು ಜನಕ್ಕೆ ಹೇಳಿರಬೇಕು. ಉತ್ತರ ಪತ್ರಿಕೆಯನ್ನು ಕೊನೆಯ ಪುಟದವರೆಗೆ ಓದುವ ಪರೀಕ್ಷಕರು ಸಿಕ್ಕರೆ ವಿದ್ಯಾರ್ಥಿಗೆ ಹೇಗಾಗುತ್ತದೆ ಎಂದು ನನಗೆ ಗೊತ್ತು. ರಾಶಿ ರಾಶಿ ಉತ್ತರ ಪತ್ರಿಕೆ ನೋಡುವಾಗ ಅದು ಎಷ್ಟು ಕಷ್ಟ ಎಂಬುದೂ ಗೊತ್ತು.

ನಾನು ಎಂಟನೆಯ ತರಗತಿಯವರಿಗೆ ಶಬ್ದದ ಪಾಠ ಮಾಡುವಾಗ ಒಂದು ಲೆಕ್ಕ ಕೊಡುತ್ತಿದ್ದೆ. ಸ್ಟುಡಿಯೋದಲ್ಲಿ ಗಾಯಕರು ನೇರ ಪ್ರಸಾರಕ್ಕೆ ಹಾಡುತ್ತಿದ್ದಾರೆ. ಹತ್ತು ಮೀಟರ್ ದೂರದಲ್ಲಿ ಒಬ್ಬ ಕೂತಿದ್ದಾನೆ. ನಲವತ್ತು ಕಿಲೋಮೀಟರ್ ದೂರದ ನಮ್ಮೂರಲ್ಲಿ ಇನ್ನೊಬ್ಬ ರೇಡಿಯೋಕ್ಕೆ ಕಿವಿ ಹಚ್ಚಿದ್ದಾನೆ. ಮೊದಲು ಯಾರಿಗೆ ಕೇಳುತ್ತದೆ? ಮಕ್ಕಳು ಒಕ್ಕೊರಲಿನಿಂದ ಸ್ಟುಡಿಯೋದವನಿಗೆ ಎನ್ನುವರು. ಲೆಕ್ಕ ಹಾಕಿದರೆ ಅವನಿಗೆ ಸೆಕೆಂಡಿನ ನೂರರಲ್ಲಿ ಮೂರು ಪಾಲು ಬೇಕು, ನಮ್ಮೂರವನಿಗೆ ಹತ್ತು ಸಾವಿರದಲ್ಲಿ ಒಂದು ಪಾಲು ಮತ್ತು ಚಿಲ್ಲರೆ ಸಾಕು. ಗೆದ್ದೆವು ಎಂದು ವರ್ಗದಲ್ಲಿ ಗದ್ದಲ. ಈಗ ಆ ಲೆಕ್ಕ ತಿರುಗಿದೆ. ಕಾಕಾನ ಟ್ರಾನ್ಸಿಸ್ಟರ್ ರಿಪೇರಿಗೆ ಜನ ಸಿಗದೆ ಮೂಲೆ ಸೇರಿತು. ಎಲ್ಲ ಮನೆಗಳ ಎಲ್‌ಇಡಿ ಬಲ್ಬು, ಚಾರ್ಜರುಗಳ ಗಿಜಿಗಿಜಿ ಸದ್ದಿನಲ್ಲಿ ಅದಕ್ಕೆ ಏನೂ ಕೇಳುತ್ತಲೂ ಇರಲಿಲ್ಲ. ಮಗ ಕೊಡಿಸಿದ ಮೊಬೈಲಿನಲ್ಲಿ ನಾನೇ ನ್ಯೂಸ್ ಆನ್ ಏರ್ ಆ್ಯಪ್ ಹಾಕಿಕೊಟ್ಟೆ. ಧಾರವಾಡವೂ ಉಂಟು, 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುವಾದ ಶಾಸ್ತ್ರೀಯ ಸಂಗೀತದ 'ರಾಗಂ' ವಾಹಿನಿಯೂ ಉಂಟು. ದನಿ ಕನ್ನಡಿಯಷ್ಟು ಸ್ವಚ್ಛ, ಆದರೆ ಹತ್ತಾರು ಸೆಕೆಂಡು ತಡ. ಒಮ್ಮೆ ರೇಡಿಯೋ, ಮೊಬೈಲು ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದೆ. ಕಾಕಾ ಹೇಳಿದರು: 'ತಡ ಆದ್ರ ಆಗವಲ್ದ್ಯಾಕ. ಹೆಸರ ಹೇಳ್ತಾರಲ್ಲ.'

ಬೇರೆ ಆ್ಯಪ್‌ಗಳನ್ನೂ ತೋರಿಸಿ ನೋಡಿದ್ದೇನೆ. ಸಾವಿರಾರು ಹಾಡು ಬೆರಳ ತುದಿಗಿವೆ, ಆದರೆ ಹೆಸರೆಲ್ಲ ಪರದೆಯ ಮೇಲೆ ಅಕ್ಷರದಲ್ಲಿ. ಕಣ್ಣಿಲ್ಲದವನಿಗೆ ಅದು ಇದ್ದೂ ಇಲ್ಲ. ತಬಲಾ ಯಾರೆಂದು ಹೇಳುವವರಂತೂ ಎಲ್ಲೂ ಇಲ್ಲ. ಒಂದು ಹಾಡು ಮುಗಿದು, ಇನ್ನೊಂದಕ್ಕೆ ಮೊದಲು ಮನುಷ್ಯರೊಬ್ಬರು ಉಸಿರು ತೆಗೆದುಕೊಳ್ಳುವುದು ಕೇಳಬೇಕು. ಕಾಕಾ ಕಾಯುವುದು ಅದಕ್ಕೆ.

ಈಗ ಅವರು ಲೆಕ್ಕದಲ್ಲಿ ಕಟ್ಟುನಿಟ್ಟು. ಮೊದಲು ತಾವು ರಾಗದ ಹೆಸರು ಹೇಳಬೇಕು, ಆಮೇಲೆ ಉದ್ಘೋಷಕರು ಅದನ್ನೇ ಹೇಳಬೇಕು. ಹಾಗೆ ಮೂರು ಸಲ ಆದರೆ ಮಾತ್ರ ಪಟ್ಟಿಗೆ. ಸಂಶಯವಿದ್ದರೆ ಸೇರಿಸುವುದಿಲ್ಲ. ಪಟ್ಟಿಯ ನೋಟ್‌ಬುಕ್ಕು ನನ್ನ ಹತ್ತಿರ ಇರುತ್ತದೆ. ಹೋದ ತಿಂಗಳು ಒಂದು ರಾತ್ರಿ ನಾನು ಮಲಗಿದ ಮೇಲೆ ಫೋನು ಬಂತು.

'ಸರ, ಬರಕೋರಿ. ಹಂಸಕಿಂಕಿಣಿ. ಎಪ್ಪತ್ತೊಂದು.'