ಬಿಸಿಲಲ್ಲಿ ಹಾಡಿ, ನೆರಳಲ್ಲಿ ತೋಡು

'ಈ ಬಿಸಿಲಿಗೆ ಹಾಡಿಯೊಳ್ಗೆ ಎಂತ ಇತ್ತ್ ಮಾರಾಯ್ರೆ, ಮಳಿ ಬರ್ಲಿ, ಹೋಪ' ಎನ್ನುವವರೇ ನಮ್ಮ ಸಾಲಿಗ್ರಾಮದ ಕಡೆ ಹೆಚ್ಚು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಮಳೆಗಾಲದಲ್ಲಿ ತೋಡು ಕೆಂಪು ನೀರು ತುಂಬಿಕೊಂಡು ಯಾರನ್ನೂ ಹತ್ತಿರ ಬಿಡುವುದಿಲ್ಲ. ಮಾರ್ಚ್ ಕಳೆಯುವ ಹೊತ್ತಿಗೆ ಅದೇ ತೋಡು ಪಾದ ಮುಳುಗುವಷ್ಟಕ್ಕೆ ಇಳಿದು, ತನ್ನ ಮಗ್ಗುಲಲ್ಲೇ ನಡೆಯಲು ಜಾಗ ಕೊಡುತ್ತದೆ. ಹೂವಿನ ಕಾಲವೂ ಅದೇ.

ಮೊದಲು ಸುರಗಿ. ಹಳೆಯ ನಾಗಬನಗಳಲ್ಲಿ ಇನ್ನೂ ಈ ಮರ ಉಳಿದಿರುವುದು ನಾಗನ ಭಯಭಕ್ತಿಯಿಂದ. ಹೂ ಬಿಡುವುದು ಚಿಗುರಿನ ತುದಿಯಲ್ಲಲ್ಲ, ಎಲೆ ಉದುರಿದ ಹಳೇ ಕೊಂಬೆಯ ಮೈಯಲ್ಲೇ. ಮುತ್ತಿನಂಥ ಮೊಗ್ಗು ಎರಡು ಹೋಳಾಗಿ ಬಿರಿದು, ನಾಲ್ಕು ಬಿಳಿ ಎಸಳಿನ ನಡುವೆ ಹಳದಿ ಕೇಸರಗಳ ಗೊಂಚಲು ಹೊರಬರುತ್ತದೆ. ಬಿರಿಯುವ ಮುಂಚೆಯೇ ಕೊಯ್ದು ಕಟ್ಟಬೇಕು. ತಡವಾದರೆ ಜೇನುನೊಣಗಳ ಪಾಲು. ಒಣಗಿದ ಮೇಲೂ ಪರಿಮಳ ಬಿಡದ ಹೂವು ಇದು, ಮಲ್ಲಿಗೆಗೆ ಆ ಭಾಗ್ಯವಿಲ್ಲ. ಬುಡದಲ್ಲಿ ಕೇಪಳದ ಕೆಂಪು ಗೊಂಚಲು, ಆಚೆ ರಂಜದ ನೆರಳು.

ತೋಡಿನ ಜೊತೆಗೇ ಪಡುವಣಕ್ಕೆ, ಪಾರಂಪಳ್ಳಿಯ ಕಡೆಗೆ ಇಳಿದರೆ ಲೋಕವೇ ಬೇರೆ. ಬೇಸಿಗೆಯಲ್ಲಿ ಮೇಲಿನ ಸಿಹಿನೀರು ಸೊರಗುತ್ತದೆ, ಭರತದ ಹೊತ್ತಿಗೆ ಉಪ್ಪುನೀರು ಒಳನುಗ್ಗುತ್ತದೆ. ಈ ಎರಡು ನೀರಿನ ಗಡಿಯಲ್ಲಿ ಸಮುದ್ರಫಲದ ಮರಗಳು ನಿಲ್ಲುತ್ತವೆ. ಅವು ರಾತ್ರಿ ಅರಳುತ್ತವೆ, ಬೆಳಗಾಗುವಾಗ ಉದುರುತ್ತವೆ. ಹಾಗಾಗಿ ಬೇಗ ಎದ್ದವರಿಗೆ ಮಾತ್ರ ನೀರ ಮೇಲೆ ತೇಲುವ ಕೇಸರದ ರಾಶಿ ಸಿಗುತ್ತದೆ. ಇನ್ನೂ ಕೆಳಗೆ, ಸೀತಾನದಿಯ ಹಿನ್ನೀರಿನಲ್ಲಿ ಕಾಂಡ್ಲಾ ಕಾಡು. ಅದರಲ್ಲಿ ಕೆಲವು ಜಾತಿಗಳ ಬೀಜ ತಾಯಿಮರದಲ್ಲಿರುವಾಗಲೇ ಮೊಳೆತು, ಉದ್ದ ಕೋಡಿನಂತೆ ಇಳಿಬಿದ್ದು, ಆಮೇಲೆ ಕೆಸರಿಗೆ ಬೀಳುತ್ತದೆ. ದೋಣಿಯಲ್ಲಿ ಬರುವ ಪ್ರವಾಸಿಗರು ಬೇರುಗಳ ಫೋಟೊ ತೆಗೆದುಕೊಳ್ಳುತ್ತಾರೆ. ದಂಡೆಯ ಹೊಳೆಚುಳ್ಳಿಯನ್ನು ಯಾರೂ ನೋಡುವುದಿಲ್ಲ. ನಾನು ಅದರ ಪಕ್ಷ. ನೀಲಿ ಹೂವು, ಮುಳ್ಳಿನ ಅಂಚಿನ ಎಲೆ. ಮಧ್ಯಾಹ್ನದ ಬಿಸಿಲಿಗೆ ಎಲೆಯ ಮೇಲೆ ಬೆರಳಾಡಿಸಿ ನಾಲಗೆಗೆ ತಾಗಿಸಿ ನೋಡಿ: ಉಪ್ಪು! ಬೇರು ಎಳೆದುಕೊಂಡ ಉಪ್ಪನ್ನು ಗಿಡ ಎಲೆಯಿಂದ ಹೊರಹಾಕುತ್ತದೆ. ಒಂದೇ ಕೊಂಬು ದೊಡ್ಡದಾದ ಗಂಡು ಏಡಿಗಳು, ಕೆಂಪು ಕೊಕ್ಕಿನ ಹೆಮ್ಮಿಂಚುಳ್ಳಿ, ಮೇಲೆ ಗರುಡ, ಎಲ್ಲ ಅಲ್ಲೇ ಇರುತ್ತವೆ.

ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಕೊನೆಯ ವರ್ಷಗಳನ್ನು ಕಳೆದದ್ದು ಇದೇ ಸಾಲಿಗ್ರಾಮದಲ್ಲಿ. ಮಕ್ಕಳಿಗಾಗಿ ಮೂರು ಸಂಪುಟದ 'ಬಾಲಪ್ರಪಂಚ' ಬರೆದವರ ಊರಿನ ಮಕ್ಕಳಿಗೆ ರಜೆಯಲ್ಲಿ ಒಂದು ತೋಡು ತೋರಿಸುವವರು ಬೇಡವೇ?

ಅಣಬೆಯ ಮಾತು ಬಾಕಿ ಉಂಟು. ಬೇಸಿಗೆಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ ನಿಜ, ಆದರೆ ನೆಲದಡಿಯಲ್ಲಿ ಸುಮ್ಮನೆ ಕೂತಿರುವುದೂ ಇಲ್ಲ. ಹುತ್ತದೊಳಗೆ ಗೆದ್ದಲು ತರಗೆಲೆ, ಕಸಕಡ್ಡಿ ಜಗಿದು ಅಣಬೆಯ ತೋಟ ಸಾಕುತ್ತಿರುತ್ತದೆ. ಕಲ್ಲಣಬೆಯದು ಇನ್ನೂ ದೊಡ್ಡ ಸಂಸಾರ. ಅದರ ಎಳೆಗಳು ಬೋಗಿ ಮರದ ಜೀವಂತ ಬೇರನ್ನು ತಬ್ಬಿಕೊಂಡು, ಮಣ್ಣಿನ ಸಾರ ಕೊಟ್ಟು ಮರದ ಸಕ್ಕರೆ ಪಡೆಯುತ್ತವೆ. ಮರ ಹೋದರೆ ಅಣಬೆಯೂ ಹೋಯಿತು. ಭತ್ತದ ಹುಲ್ಲಿನಲ್ಲಿ ಬೇರೆ ಅಣಬೆ ಬೆಳೆಸುವಂತೆ ಇದನ್ನು ಚೀಲದಲ್ಲಿ ಬೆಳೆಸಲು ಆಗುವುದಿಲ್ಲ. ಕಾರ್ಕಳ, ಹೆಬ್ರಿಯ ಕಡೆಯಿಂದ ಪೇಟೆಗೆ ಬಂದ ಕಲ್ಲಣಬೆಗೆ ಕೇಳಿದಷ್ಟು ದುಡ್ಡು ಕೊಡುವ ನಾವೇ ಹಾಡಿ ಸವರಿ ಸೈಟು ಮಾಡುತ್ತೇವೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಮೇ ಕೊನೆಗೆ ಗುಡುಗು ಶುರುವಾದರೆ, ಬೋಗಿಯ ಬುಡದಲ್ಲಿ ನೆಲ ಬಿರಿದ ಕಡೆ ಕೋಲಿನಿಂದ ಮೆಲ್ಲಗೆ ಕೆದಕಿ. ಸಿಕ್ಕಿದ ಉಂಡೆಗಳನ್ನು ಮನೆಗೆ ತಂದು, ತೊಳೆದು, ಒಂದೊಂದನ್ನೂ ಕೊಯ್ದು ನೋಡಬೇಕು. ಒಳಗೆ ಬೆಳ್ಳಗಿದ್ದರೆ ಸುಕ್ಕಕ್ಕೆ. ಕಪ್ಪಾಗಿದ್ದರೆ ಬಲಿತದ್ದು, ಬೀಜಧೂಳು ತುಂಬಿದ್ದು; ಅದನ್ನು ಬಚ್ಚಲಿಗೆ ಎಸೆಯಬೇಡಿ, ಬೋಗಿಯ ಬುಡಕ್ಕೇ ಹಾಕಿ ಬನ್ನಿ.