ಲಕ್ಷದ್ವೀಪದ ಹಡಗಿನಲ್ಲಿ

ಅರಬ್ಬೀ ಸಮುದ್ರದಲ್ಲಿ, ಮಲಬಾರಿನ ಕರಾವಳಿಗೆ ಪಶ್ಚಿಮವಾಗಿ, ಲಕ್ಷದ್ವೀಪವೆಂಬ ಹವಳದ ನಡುಗಡ್ಡೆಗಳಿರುವುವು. ಹೆಸರಿನಲ್ಲಿ ಲಕ್ಷವಿದ್ದರೂ ಜನವಸತಿಯುಳ್ಳ ದ್ವೀಪಗಳು 10 ಮಾತ್ರ. ಎಲ್ಲವನ್ನೂ ಕೂಡಿಸಿದರೆ ನೆಲವು ಸುಮಾರು 32 ಚದರ ಕಿಲೋಮೀಟರು. ಕನ್ನಡಿಗರಿಗೆ ಇವು ತೀರ ಪರದೇಶವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಉತ್ತರದ ದ್ವೀಪಗಳು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವು. ಅಲ್ಲಿಯವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ತುಂಬಿಕೊಂಡು ಮಂಗಳೂರಿನ ಬಂದರಕ್ಕೆ ಬಂದು, ಅಕ್ಕಿಯನ್ನು ಒಯ್ಯುತ್ತಿದ್ದರು. ನಮ್ಮ ತಾಯಿಯವರು ಬಾಲ್ಯದಲ್ಲಿ ಆ ಓಡಗಳನ್ನು ಕಂಡವರು. ಆ ಹುರಿಯನ್ನು ಹೊಸೆಯುವ ಊರನ್ನು ಒಮ್ಮೆ ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಈಗ ಅವರಿಗೆ ಎಪ್ಪತ್ತೆಂಟು ವರುಷ, ಮೊಣಕಾಲುಗಳಲ್ಲಿ ಬಲವಿಲ್ಲ. ಇನ್ನು ತಡಮಾಡಲಾಗದೆಂದು ಮಕ್ಕಳು ಮರಿಗಳೊಡನೆ ಆರು ಮಂದಿ ಹೊರಟೆವು.

ದ್ವೀಪಗಳ ಸೊಬಗನ್ನು ವರ್ಣಿಸುವುದು ಈ ಲೇಖನದ ಉದ್ದೇಶವಲ್ಲ. ನಮ್ಮನ್ನು ಅಲ್ಲಿಗೆ ಮುಟ್ಟಿಸಿ ಮರಳಿ ತಂದ ಹಡಗಿನ ಜನರ ಉಪಚಾರವನ್ನು ಕುರಿತು ವಾಚಕರಿಗೆ ನಾಲ್ಕು ಮಾತು ತಿಳಿಸಬೇಕೆನಿಸಿದೆ.

ಕೊಚ್ಚಿಯಲ್ಲಿ ಹಡಗನ್ನೇರಿದ ಮೇಲೆ ಮೊದಲು ನಡೆದುದು ಅಪಾಯಕಾಲದ ಅಭ್ಯಾಸ. ಸೀಟಿಯು ಏಳು ಸಲ ಮೊಟಕಾಗಿಯೂ ಒಂದು ಸಲ ನೀಳವಾಗಿಯೂ ಕೂಗಿದರೆ ಎಲ್ಲರೂ ಗೊತ್ತಾದ ಸ್ಥಳದಲ್ಲಿ ಕೂಡಬೇಕು. ಒಬ್ಬ ಖಲಾಸಿಯು ತೇಲುವ ಅಂಗಿಯನ್ನು ತಾಯಿಯವರಿಗೆ ತೊಡಿಸಿ ಪಟ್ಟಿಗಳನ್ನು ಬಿಗಿದನು. “ಇದೇನಪ್ಪಾ, ಕರ್ಣನ ಕವಚವೇ?” ಎಂದು ಅವರು ಮಲಯಾಳದಲ್ಲಿ ಕೇಳಲು, “ಹೌದಮ್ಮಾ, ಆದರೆ ಇದನ್ನು ಯಾರು ಬೇಡಿದರೂ ಕೊಡಬೇಡಿ” ಎಂದು ಆತನು ನಕ್ಕನು. ಅಂದಿನಿಂದ ಅವರಿಬ್ಬರಿಗೂ ಸ್ನೇಹವಾಯಿತು.

ಆ ರಾತ್ರಿ ಕಡಲು ಏರಿಳಿಯತೊಡಗಿತು. ಚಿಕ್ಕ ಹುಡುಗನಿಗೆ ವಾಂತಿ ನಿಲ್ಲದು. ನಾವು ಕರೆಯುವ ಮೊದಲೇ ಪರಿಚಾರಕನು ಬಂದು, ಮಗುವನ್ನೆತ್ತಿಕೊಂಡು ಹಡಗಿನ ನಡುಭಾಗದ ಕೆಳಅಂತಸ್ತಿಗೆ ಒಯ್ದು ಮಲಗಿಸಿದನು. ಹಡಗು ಎಷ್ಟು ತೂಗಿದರೂ ನಡುಭಾಗದಲ್ಲಿ, ಕೆಳಗೆ, ಓಲಾಟವು ಕಡಿಮೆ. ಕಿವಿಯೊಳಗಿನ ಇಂದ್ರಿಯವು ದೇಹವು ಚಲಿಸುತ್ತಿದೆಯೆನ್ನುವುದು. ಕಣ್ಣು ಕೋಣೆಯ ಗೋಡೆಯನ್ನು ನೋಡಿ ಇಲ್ಲವೆನ್ನುವುದು. ಈ ಜಗಳದಿಂದಲೇ ವಾಂತಿ. ಬೆಳಗಾದೊಡನೆ ಹುಡುಗನನ್ನು ಮೇಲಕ್ಕೆ ಕರೆದೊಯ್ದು ದಿಗಂತವನ್ನು ನೋಡಿಸಿ, ಒಣ ಬಿಸ್ಕತ್ತು ತಿನ್ನಿಸಿದರೆ ಸರಿಹೋಗುವುದೆಂದು ಆತನು ಹೇಳಿದನು. ಹಾಗೆಯೇ ಆಯಿತು. ರಾತ್ರಿಯಲ್ಲಿ ಆತನು ಮೂರು ಸಲ ಬಂದು ಮಗುವಿನ ಹಣೆ ಮುಟ್ಟಿ ನೋಡಿ ಹೋದುದನ್ನು ನಾವು ಕಂಡೆವು.

ತಾಯಿಯವರು ಈರುಳ್ಳಿ ಬೆಳ್ಳುಳ್ಳಿಗಳನ್ನು ಮುಟ್ಟುವವರಲ್ಲ. ಮೊದಲ ರಾತ್ರಿ ಒಂದು ಬಾಳೆಯ ಹಣ್ಣಿನಲ್ಲಿಯೇ ಊಟ ಮುಗಿಸಿದರು. ಯಾರೊಡನೆಯೂ ನಾವು ಹೇಳಿರಲಿಲ್ಲ. ಆದರೆ ತಟ್ಟೆ ತೆಗೆದವನು ನೋಡಿದ್ದನೆಂದು ಕಾಣುತ್ತದೆ. ಮರುದಿನ ಅಡಿಗೆಯವನು ಬೇರೆ ಪಾತ್ರೆಯಲ್ಲಿ ಗಂಜಿ ಬೇಯಿಸಿ, ಹಸಿಮೆಣಸಿನ ಕಾಯಿಚಟ್ನಿಯೊಡನೆ ತಾನೇ ತಂದಿಟ್ಟು, ಪಾತ್ರೆ ಬೇರೆಯೆಂಬುದನ್ನೂ ತಿಳಿಸಿ ಹೋದನು.

ಕಲ್ಪೇನಿ ದ್ವೀಪದಲ್ಲಿ ನಿಜವಾದ ಪರೀಕ್ಷೆ ಬಂದಿತು. ಹವಳದ ದಿಬ್ಬಗಳ ದೆಸೆಯಿಂದ ದೊಡ್ಡ ಹಡಗು ದಡಕ್ಕೆ ಹೋಗಲಾರದು. ಹೊರಗಡಲಿನಲ್ಲಿಯೇ ನಿಂತು, ಜನರನ್ನು ಸಣ್ಣ ದೋಣಿಗಳಿಗೆ ಇಳಿಸುವುದು. ಆ ದೋಣಿಯೋ, ತೆರೆಯೊಡನೆ ಒಮ್ಮೆ ಬಾಗಿಲಿನ ಮಟ್ಟಕ್ಕೇರಿ, ಮರುಕ್ಷಣದಲ್ಲಿ ಎರಡು ಮೊಳ ಕೆಳಗಿಳಿಯುವುದು. ತಾಯಿಯವರು ನೋಡಿ, “ನೀವು ಹೋಗಿಬನ್ನಿರಿ, ನಾನು ಇಲ್ಲಿಂದಲೇ ನೋಡುವೆನು” ಎಂದರು. ಅವರಿಗಾಗಿಯೇ ಬಂದ ನಮಗೆ ಏನು ಹೇಳಬೇಕೆಂದು ತೋಚಲಿಲ್ಲ.

ಆಗ ಕವಚ ತೊಡಿಸಿದ್ದ ಖಲಾಸಿಯೇ ಮುಂದೆ ಬಂದು ಅವರ ಎರಡೂ ಮುಂಗೈಗಳನ್ನು ಹಿಡಿದು, “ಅಮ್ಮಾ, ನೀರನ್ನು ನೋಡಬೇಡಿ, ನನ್ನನ್ನು ನೋಡಿ. ಹೇಳಿದಾಗ ಹೆಜ್ಜೆಯಿಟ್ಟರೆ ಸಾಕು” ಎಂದನು. ಕೆಳಗೆ ದೋಣಿಯಲ್ಲಿ ಇನ್ನಿಬ್ಬರು ಕೈ ಚಾಚಿ ನಿಂತರು. ಒಂದು ತೆರೆ ಬಂದಿತು, ಬಿಟ್ಟನು. ಎರಡನೆಯದನ್ನೂ ಮೂರನೆಯದನ್ನೂ ಬಿಟ್ಟನು. ಹಿಂದೆ ಸಾಲಿನಲ್ಲಿ ಹಲವರು ಕಾದಿದ್ದರೂ ಆತನಲ್ಲಿ ಅವಸರದ ಸುಳಿವಿಲ್ಲ. ನಾಲ್ಕನೆಯ ತೆರೆಯಲ್ಲಿ “ಈಗ” ಎಂದನು. ಹೊಸ್ತಿಲು ದಾಟುವಷ್ಟು ಶ್ರಮದಲ್ಲಿ ತಾಯಿಯವರು ದೋಣಿಯಲ್ಲಿದ್ದರು.

ಕಲ್ಪೇನಿಯ ಪೂರ್ವ ತೀರದಲ್ಲಿ 1847ರ ಮಹಾ ಬಿರುಗಾಳಿಯು ಎತ್ತಿ ಒಗೆದ ಹವಳದ ತುಂಡುಗಳ ರಾಶಿಯಿದೆ. ಅದನ್ನು ನೋಡಿ ಬರುವಾಗ, ಒಂದು ಮನೆಯಂಗಳದಲ್ಲಿ ಹೆಂಗಸೊಬ್ಬಳು ನಾರನ್ನು ಅಂಗೈಗಳ ನಡುವೆ ಹೊಸೆಯುತ್ತಿದ್ದಳು. ತಾಯಿಯವರು ಅವಳ ಬಳಿ ಕುಳಿತು, ಹುರಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಹಿಡಿದಿದ್ದರು.

ಮುಂದಿನ ದ್ವೀಪವು ಮಿನಿಕಾಯ್. ಅಲ್ಲಿಯವರ ಬಾಯಲ್ಲಿ ಮಲಿಕು. ಉಳಿದ ದ್ವೀಪಗಳಿಂದ ಇದನ್ನು ಬೇರ್ಪಡಿಸುವ ಕಡಲಿಗೆ ನಾವಿಕರು ಒಂಬತ್ತು ಡಿಗ್ರಿ ಕಾಲುವೆ ಎನ್ನುವರು. ಇಲ್ಲಿಯ ಮಾತು ಮಲಯಾಳವಲ್ಲ, ಮಾಲ್ದೀವಿನ ನುಡಿಗೆ ಸೇರಿದ ಮಹಲ್. ಅದರ ಲಿಪಿಯನ್ನು ಬಲದಿಂದ ಎಡಕ್ಕೆ ಬರೆಯುವರು. 1885ರಲ್ಲಿ ಕಟ್ಟಿದ ದೀಪಸ್ತಂಭವು ದೂರದಿಂದಲೇ ಕಾಣುವುದು. ಇಲ್ಲಿಯ ಗಂಡಸರಲ್ಲಿ ಅನೇಕರು ತಲೆತಲಾಂತರದಿಂದ ಹಡಗಿನ ಕೆಲಸಗಾರರು. ಮನೆವಾರ್ತೆಯನ್ನು ಹೆಂಗಸರೇ ನಡೆಯಿಸುವರು.

ನಮ್ಮ ಖಲಾಸಿಯೂ ಮಲಿಕುವಿನವನೇ ಎಂದು ಅಂದು ತಿಳಿಯಿತು. ತೆಂಗುಗಳ ನಡುವೆ ತನ್ನ ಮನೆಯಿರುವ ದಿಕ್ಕನ್ನು ಬೆರಳಿಟ್ಟು ತೋರಿಸಿದನು. “ಹಾಗಾದರೆ ನೀನೂ ಬರುತ್ತೀಯಷ್ಟೆ?” ಎಂದು ತಾಯಿಯವರು ಕೇಳಿದರು. ಸಂಜೆಯವರೆಗೆ ತನ್ನ ಸರದಿಯೆಂದೂ, ಪ್ರಯಾಣಿಕರನ್ನು ಇಳಿಸಿ ಹತ್ತಿಸುವ ತನಕ ಹಡಗು ಬಿಡಲಾಗದೆಂದೂ ಆತನು ಹೇಳಿದನು. ಮಗಳಿಗೆಂದು ಕೊಚ್ಚಿಯಲ್ಲಿ ಕೊಂಡ ಬಣ್ಣದ ಪೆನ್ಸಿಲುಗಳ ಪೆಟ್ಟಿಗೆಯನ್ನು ದೋಣಿಯವನಿಗೆ ಒಪ್ಪಿಸುತ್ತಿರಲು, ತಾಯಿಯವರು ಅದನ್ನು ತಾವೇ ಇಸಕೊಂಡರು. ದಡದಲ್ಲಿ ಹುಡುಗಿಯು ಅಜ್ಜಿಯೊಡನೆ ಕಾದಿದ್ದಳು. ಅಲ್ಲಿಯೇ ಪೆಟ್ಟಿಗೆ ಬಿಚ್ಚಿ, ಬಣ್ಣಗಳನ್ನು ಎಣಿಸಿ, ಹಡಗಿನ ಕಡೆಗೆ ಕೈ ಬೀಸಿದಳು. ಅಷ್ಟು ದೂರದಿಂದ ತಂದೆಯು ಕಂಡನೋ ಇಲ್ಲವೋ ಅರಿಯೆವು. ಸಂಜೆ ತಾಯಿಯವರು ಹಡಗನ್ನೇರಿದೊಡನೆ ಆತನಿಗೆ ಮೊದಲು ಹೇಳಿದ ಮಾತು: “ಹನ್ನೆರಡೂ ಇವೆಯೆಂದು ನಿನ್ನ ಮಗಳು ಎಣಿಸಿ ನೋಡಿದಳು.”

ಇಂಥ ಉಪಚಾರವನ್ನು ಪಡೆದವರು ಟಿಕೇಟಿಗೆ ಹಣ ತೆತ್ತೆವೆಂದು ಸುಮ್ಮನಿರಬಹುದು. ಆದರೆ ಮೂರು ತೆರೆಗಳನ್ನು ಬಿಟ್ಟು ನಾಲ್ಕನೆಯದಕ್ಕಾಗಿ ಕಾಯುವ ತಾಳ್ಮೆಯು ದಣಿದ ಮನುಷ್ಯನಿಗೆ ಬಾರದು. 2013ರಲ್ಲಿ ಜಾರಿಗೆ ಬಂದು, 2015ರಲ್ಲಿ ಭಾರತವೂ ಒಪ್ಪಿದ ಕಡಲ ಕಾರ್ಮಿಕರ ಒಡಂಬಡಿಕೆಯು ನಾವಿಕನಿಗೆ ಪ್ರತಿ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆಗಳ ವಿಶ್ರಾಂತಿಯನ್ನು ವಿಧಿಸಿರುವುದು ಇದಕ್ಕಾಗಿಯೇ. ಆತನ ನಿದ್ದೆಯಲ್ಲಿ ನಮ್ಮ ಕ್ಷೇಮವೂ ಅಡಗಿದೆ.

ಈ ಯಾತ್ರೆಗೆ ಹೊರಡುವ ಗೃಹಸ್ಥರು ಅನುಮತಿಪತ್ರವನ್ನು ಮುಂಚಿತವಾಗಿ ಪಡೆಯಬೇಕು, ಮಳೆಗಾಲವನ್ನು ಬಿಡಬೇಕು, ದೋಣಿಗೆ ಇಳಿಯುವಾಗ ಎರಡೂ ಕೈಗಳು ಬರಿದಾಗಿರುವಂತೆ ಗಂಟುಮೂಟೆಗಳನ್ನು ಕಡಿಮೆಮಾಡಬೇಕು. ವಯಸ್ಸಾದವರನ್ನು ಅಂಜಿ ಮನೆಯಲ್ಲಿ ಬಿಟ್ಟುಹೋಗಬೇಕಾಗಿಲ್ಲ. ಹಡಗಿನ ಜನರ ಹೆಸರನ್ನೂ ಊರನ್ನೂ ಮೊದಲ ದಿನವೇ ಕೇಳಿ ತಿಳಿದುಕೊಳ್ಳಿರಿ. ಅವರ ಮನೆಯೂ ನಿಮ್ಮ ದಾರಿಯಲ್ಲಿಯೇ ಇರಬಹುದು.