ದುಂಡುಕಾಳಿನ ಮೋಹ

ಗೋವಾದ ಮ್ಹಾಪಸಾದ ಶುಕ್ರವಾರದ ಸಂತೆಯಲ್ಲಿ ಜನ ಒಣಮೀನಿಗೆ ಚೌಕಾಸಿ ಮಾಡುವಾಗ ನನ್ನ ಕಣ್ಣು ಅಲ್ಯುಮಿನಿಯಂ ಬೋಗುಣಿಗಳ ಮೇಲಿರುತ್ತದೆ. ಬಾಯಿ ಅಗಲ, ಅಂಚು ಓರೆಯಾಗಿದ್ದರೆ ಸಾಕು, ಮರಳು ಜಾಲಿಸಬಹುದು. ಅಕ್ಕಿ ಜಾಲಿಸುವ ಕೈಚಳಕವೇ ಇದು. ನನಗೆ ಬೇಕಾದ್ದು ಕಲ್ಲು, ಅಷ್ಟೇ.

ಇಲ್ಲಿನ ಗುಡ್ಡಗಳ ಮೈಯೆಲ್ಲ ಚಿರೆಕಲ್ಲು, ನನ್ನ ಹುಡುಕಾಟಕ್ಕೆ ಒದಗದು. ಅದಕ್ಕೇ ಊರಿಗೆ ಹೋದಾಗ ಹೊಳೆನರಸೀಪುರದ ಕಡೆಯ ಹಳ್ಳದ ಮರಳು ತರುತ್ತೇನೆ. ಹಗುರಾದ ಬೆಣಚು ನೀರಿನೊಡನೆ ಹೋಗುತ್ತದೆ, ಕಪ್ಪು ಕಬ್ಬಿಣದ ಮರಳು ಅಯಸ್ಕಾಂತಕ್ಕೆ ಅಂಟುತ್ತದೆ. ಉಳಿದ ಚಿಟಿಕೆಯಲ್ಲಿ ತಿಳಿಗುಲಾಬಿ ಕಣಗಳು: ಜಿರ್ಕಾನ್. ಒದ್ದೆ ಕುಂಚದ ತುದಿಯಿಂದ ಒಂದೊಂದೇ ಎತ್ತುವಾಗ ಫ್ಯಾನ್ ಆರಿಸಿರಬೇಕು. ಮೇ ತಿಂಗಳಲ್ಲಿ ಮನೆಯವರಿಗೆ ನನ್ನ ಮೇಲಿರುವ ದೂರು ಇದೊಂದೇ.

ಸೂಕ್ಷ್ಮದರ್ಶಕದಡಿ ಕೆಲವಕ್ಕೆ ಚೂಪಾದ ತುದಿ, ಕೆಲವು ಉರುಳಿ ಸವೆದ ದುಂಡುಕಾಳು. ಕಾದ ಶಿಲಾದ್ರವದಲ್ಲಿ ಹರಳುಗಟ್ಟುವಾಗ ಜಿರ್ಕಾನ್ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಸೇರಿಸುವುದೇ ಇಲ್ಲ. ಹಾಗಾಗಿ ಈಗ ಅದರಲ್ಲಿರುವ ಸೀಸ ಯುರೇನಿಯಂ ಕ್ಷಯಿಸಿ ಒಳಗೇ ಹುಟ್ಟಿದ್ದು. ಯುರೇನಿಯಂ-238 ಅರ್ಧಕ್ಕಿಳಿಯಲು 447 ಕೋಟಿ ವರ್ಷ, 235ಕ್ಕೆ ಸುಮಾರು 70 ಕೋಟಿ. ಒಂದೇ ಕಾಳಿನಲ್ಲಿ ಎರಡು ಗಡಿಯಾರ. ಎರಡರ ಹೊತ್ತು ತಾಳೆಯಾಗದಿದ್ದರೆ ನಡುವೆ ಸೀಸ ಸೋರಿರಬಹುದೆಂದು ಅನುಮಾನಿಸಬೇಕು.

ಈ ಲೆಕ್ಕ ನನ್ನ ಮೇಜಿನ ಮೇಲೆ ಆಗುವಂಥದ್ದಲ್ಲ. ಪ್ರಯೋಗಾಲಯದಲ್ಲಿ ಕಾಳನ್ನು ಅರ್ಧಕ್ಕೆ ಉಜ್ಜಿ, ಎಲೆಕ್ಟ್ರಾನ್ ಕಿರಣ ಹಾಯಿಸಿದರೆ ಪದರಗಳು ಬೆಳಗುತ್ತವೆ. ಹಳೆಯ ತಿರುಳಿನ ಸುತ್ತ ಕೋಟಿಗಟ್ಟಲೆ ವರ್ಷ ಕಿರಿಯ ಅಂಚು ಕಂಡರೆ, ಹಳೆಯ ಖಂಡದ ತೊಗಟೆ ಮತ್ತೆ ಕಾದು ಕರಗಿದರೂ ಈ ಕಾಳು ಪೂರ್ತಿ ಕರಗಲಿಲ್ಲ ಎಂದರ್ಥ. ಆ ದ್ರವ ಭೂಗರ್ಭದಿಂದ ಹೊಸದಾಗಿ ಬಂದದ್ದೋ ಹಳೆಯ ತೊಗಟೆಯದೋ ಎಂಬ ಸುಳಿವನ್ನು ಕಾಳಿನೊಳಗಿನ ಹಾಫ್ನಿಯಂ ಕೊಡುತ್ತದೆ.

ಗೋವಾ ಗಡಿಯ ಅನ್‌ಮೋಡ್ ಘಾಟಿನ ನೈಸ್ ಶಿಲೆಗೆ 1980ರ ದಶಕದಲ್ಲಿ ಸಿಕ್ಕ ವಯಸ್ಸು ಸುಮಾರು 340 ಕೋಟಿ ವರ್ಷ. ಅದು ರುಬಿಡಿಯಂ-ಸ್ಟ್ರಾನ್ಷಿಯಂ ಲೆಕ್ಕ. ಬಂಡೆ ಮತ್ತೆ ಕಾದರೆ ಕೆಡುವ ಗಡಿಯಾರ. ಆದರೆ ಕರ್ನಾಟಕದ ಸರಗೂರು ಶ್ರೇಣಿಯ ಮರಳಿನಿಂದಾದ ಶಿಲೆಗಳಲ್ಲಿ 358 ಕೋಟಿ ವರ್ಷದ ಜಿರ್ಕಾನ್ ಕಾಳುಗಳು ಸಿಕ್ಕಿವೆ. ಅಂದರೆ ಆ ಕಾಳುಗಳ ತಾಯಿಬಂಡೆ ಸವೆದು ಮರಳಾಗಿ, ಆ ಮರಳು ಇನ್ನೊಂದು ಶಿಲೆಯೊಳಗೆ ಸೇರಿಕೊಂಡಿದೆ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ 440 ಕೋಟಿ ವರ್ಷದ ಕಾಳಿನದೂ ಇದೇ ಕತೆ.

ಪುಸ್ತಕದ ಚಿತ್ರಗಳಲ್ಲಿ ಮೆರೆಯುವುದು ಚೂಪುತುದಿಯ ಚೆಲುವರು. ಯಾರಾದರೂ ಪ್ರಯೋಗಾಲಯದಲ್ಲಿ ಸರದಿ ಕೊಡಿಸಿದರೆ ನಾನು ಮೊದಲು ಕಳಿಸುವುದು ದುಂಡುಕಾಳುಗಳನ್ನೇ.